ಮನೆ ಮಾರಾಟದ ವಿಡಿಯೊ ಜಾಹೀರಾತು: ಮೊದಲು ವಿವರ, ಬಳಿಕ ಚಿತ್ರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಗೆ ಮಹಾನಗರದ ಕನ್ನಡಿಗನು 'ಮನೆ ಮಾರಿ ನೋಡು' ಎಂಬ ಮಾತನ್ನೂ ಸೇರಿಸಬಹುದು. ಉದ್ಯೋಗಕ್ಕಾಗಿ ಮುಂಬಯಿಗೆ ಬಂದು, ಡೊಂಬಿವಲಿಯಲ್ಲೋ ಘಾಟ್‌ಕೋಪರಿನಲ್ಲೋ ಫ್ಲ್ಯಾಟು ಕೊಂಡು, ನಿವೃತ್ತಿಯ ಬಳಿಕ ಅದನ್ನು ಮಾರಿ ಊರಿನ ಕಡೆ ನೆಲೆಸಬಯಸುವ ಸಂಸಾರಗಳು ಹಲವು. ಇಂಥವರು ಏಕಕಾಲದಲ್ಲಿ ಮಾರುವವರೂ ಹೌದು, ಕೊಳ್ಳುವವರೂ ಹೌದು. ಎರಡೂ ವ್ಯವಹಾರಗಳಲ್ಲಿ ಇಂದು ಮೊದಲು ಕಣ್ಣಿಗೆ ಬೀಳುವುದು ಮೊಬೈಲಿನಲ್ಲಿ ಒಂದು ನಿಮಿಷ ಓಡುವ ವಿಡಿಯೊ ಜಾಹೀರಾತು. ಅದನ್ನು ಯೋಜಿಸಲು ಕೃತಕ ಬುದ್ಧಿಮತ್ತೆಯ ಸಾಧನಗಳೂ ಕೈಗೆಟುಕಿವೆ. ಅವುಗಳ ಉಪಕಾರವೇನು, ಅಪಾಯವೇನು ಎಂಬುದನ್ನು ಅರಿಯುವುದು, ಜೀವಮಾನದ ಉಳಿತಾಯವನ್ನು ಒಂದು ಸೂರಿಗಾಗಿ ತೊಡಗಿಸುವವರಿಗೆ ಅತ್ಯವಶ್ಯಕ.

ಸ್ಟೋರಿಬೋರ್ಡ್ ಎಂದರೇನು?

ಚಿತ್ರೀಕರಣಕ್ಕೆ ಮೊದಲೇ ಪ್ರತಿಯೊಂದು ದೃಶ್ಯವನ್ನೂ ಚಿಕ್ಕ ಚೌಕಗಳಲ್ಲಿ ಕ್ರಮವಾಗಿ ಬರೆದಿಡುವ ಹಾಳೆಯೇ ಸ್ಟೋರಿಬೋರ್ಡ್. ಚೌಕದ ಕೆಳಗೆ ದೃಶ್ಯದ ಅವಧಿ, ಕ್ಯಾಮೆರಾ ನಿಲ್ಲುವ ಸ್ಥಳ, ಕೇಳಿಬರುವ ಮಾತು ಇವುಗಳನ್ನು ಗುರುತಿಸಲಾಗುತ್ತದೆ. 1930ರ ದಶಕದ ಆರಂಭದಲ್ಲಿ ಅಮೆರಿಕದ ವಾಲ್ಟ್ ಡಿಸ್ನಿಯವರ ಸ್ಟುಡಿಯೊದಲ್ಲಿ ಈ ಪದ್ಧತಿ ರೂಢಿಗೆ ಬಂದಿತು. ನಮ್ಮ ದೇಶದಲ್ಲಿ, ಕಲಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದ ಸತ್ಯಜಿತ್ ರಾಯ್ ಅವರು, 1955ರಲ್ಲಿ ತೆರೆಕಂಡ 'ಪಥೇರ್ ಪಾಂಚಾಲಿ'ಯ ದೃಶ್ಯಗಳನ್ನು ಮೊದಲೇ ಚಿತ್ರಗಳಾಗಿ ಬರೆದಿಟ್ಟುಕೊಂಡಿದ್ದರು. ಕಾಗದದ ಮೇಲಿನ ತಪ್ಪನ್ನು ತಿದ್ದಲು ಖರ್ಚಿಲ್ಲ. ಒಂದು ನಿಮಿಷದ ಜಾಹೀರಾತಿಗೂ ಈ ಮಾತು ಸಲ್ಲುತ್ತದೆ.

ಯಂತ್ರವು ಚಿತ್ರ ಬರೆಯುವ ಬಗೆ

2022ರಲ್ಲಿ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮೊದಲಾದವು ಸಾರ್ವಜನಿಕರಿಗೆ ದೊರೆತ ಮೇಲೆ, ಮಾತಿನಲ್ಲಿ ಬಣ್ಣಿಸಿದುದನ್ನು ಚಿತ್ರವಾಗಿಸುವ ಅನುಕೂಲ ಜನಸಾಮಾನ್ಯರಿಗೂ ಲಭಿಸಿತು. ಬೋರ್ಡ್ಸ್, ಎಲ್‌ಟಿಎಕ್ಸ್ ಸ್ಟುಡಿಯೊ ಮುಂತಾದ ಸಾಧನಗಳು ಇಂಥ ತಂತ್ರವನ್ನು ಸ್ಟೋರಿಬೋರ್ಡಿಗೆ ಅಳವಡಿಸಿವೆ. ಇವುಗಳ ಹಿಂದಿರುವ ಯಂತ್ರವು ಅಸಂಖ್ಯಾತ ಚಿತ್ರಗಳನ್ನೂ ಅವುಗಳ ವಿವರಣೆಗಳನ್ನೂ ಅಭ್ಯಸಿಸಿ, ಯಾವ ಮಾತಿಗೆ ಯಾವ ರೂಪ ಹೊಂದುತ್ತದೆಂಬುದನ್ನು ಗ್ರಹಿಸಿರುತ್ತದೆ. ಅರ್ಥವಿಲ್ಲದ ಚುಕ್ಕೆಗಳ ರಾಶಿಯಿಂದ ಆರಂಭಿಸಿ, ಹಂತಹಂತವಾಗಿ ಗೊಂದಲವನ್ನು ಕಳೆಯುತ್ತ, ವಿವರಣೆಗೆ ಒಪ್ಪುವ ಚಿತ್ರವನ್ನು ಮೂಡಿಸುತ್ತದೆ.

ತೊಡಕು ಇರುವುದು ಇಲ್ಲಿಯೇ. 'ಬೆಳಕುಳ್ಳ ಹಜಾರ' ಎಂದು ಬರೆದುಕೊಟ್ಟರೆ ಯಂತ್ರವು ತಾನು ಕಂಡ ಅನೇಕ ಹಜಾರಗಳನ್ನು ಹೋಲುವ ಒಂದು ಕಲ್ಪಿತ ಹಜಾರವನ್ನು ಬರೆಯುತ್ತದೆ. ಮಾರಾಟಕ್ಕಿರುವ ಮನೆಯ ಹಜಾರವನ್ನು ಅದು ಕಂಡೇ ಇಲ್ಲ. ಹೀಗಾಗಿ ಇಲ್ಲದ ಕಿಟಕಿ ಮೂಡುತ್ತದೆ, ಚಾವಣಿ ಎತ್ತರವಾಗುತ್ತದೆ, ಮೊದಲ ಚೌಕದಲ್ಲಿ ಎಡಕ್ಕಿದ್ದ ಬಾಗಿಲು ಮೂರನೆಯದರಲ್ಲಿ ಬಲಕ್ಕೆ ಸರಿಯುತ್ತದೆ. ಯೋಜನೆಯ ಹಾಳೆಯಲ್ಲಿ ಇದು ಸಣ್ಣ ದೋಷ. ಜಾಹೀರಾತಿನಲ್ಲಿ ಉಳಿದುಕೊಂಡರೆ ಅದು ಸುಳ್ಳು.

ಯೋಜನೆಯ ಕ್ರಮ

ಮೊದಲನೆಯದಾಗಿ ಮನೆಯ ವಿವರಪಟ್ಟಿ ಸಿದ್ಧವಾಗಬೇಕು. ಮಹಡಿ, ಲಿಫ್ಟು, ನೀರಿನ ವೇಳೆ, ವಾಹನ ನಿಲುಗಡೆ, ಸೊಸೈಟಿಯ ಮಾಸಿಕ ವಂತಿಗೆ ಇವೆಲ್ಲವೂ ಅದರಲ್ಲಿರಬೇಕು. ವಿಸ್ತೀರ್ಣವನ್ನು ಕಾರ್ಪೆಟ್ ಏರಿಯಾ ಲೆಕ್ಕದಲ್ಲಿಯೇ ಹೇಳುವುದು ಯೋಗ್ಯ. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ, ಒಳಗಿನ ಅಡ್ಡಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಒಂದು ಚದರ ಮೀಟರಿಗೆ 10.764 ಚದರ ಅಡಿ. ಎಂದರೆ 39 ಚದರ ಮೀಟರಿನ ಮನೆಗೆ ಸುಮಾರು 420 ಚದರ ಅಡಿ.

ಎರಡನೆಯದು ದೃಶ್ಯಗಳ ಅನುಕ್ರಮ. ಮನೆ ನೋಡಲು ಬಂದವರು ನಡೆಯುವ ದಾರಿಯನ್ನೇ ಕ್ಯಾಮೆರಾ ಅನುಸರಿಸುವುದು ಸಹಜ. 60 ಸೆಕೆಂಡುಗಳನ್ನು ಹೀಗೆ ಹಂಚಬಹುದು: ಗೇಟು ಹಾಗೂ ಲಿಫ್ಟಿಗೆ 8, ಹಜಾರಕ್ಕೆ 12, ಅಡಿಗೆಮನೆಗೆ 10, ಮಲಗುವ ಕೋಣೆಗಳಿಗೆ 12, ಸ್ನಾನಗೃಹಕ್ಕೆ 4, ಬಾಲ್ಕನಿಗೂ ಅಲ್ಲಿಂದ ಕಾಣುವ ನೋಟಕ್ಕೂ 6, ಕೊನೆಯಲ್ಲಿ ನಕ್ಷೆ ಮತ್ತು ಅಂಕಿಸಂಖ್ಯೆಗಳಿಗೆ 8.

ಮೂರನೆಯದಾಗಿ, ಪ್ರತಿಯೊಂದು ಕೋಣೆಯ ನಿಜವಾದ ಛಾಯಾಚಿತ್ರವನ್ನು ಸಾಧನಕ್ಕೆ ಒದಗಿಸಿ, ಅದನ್ನೇ ಆಧಾರವಾಗಿಟ್ಟು ಪೆನ್ಸಿಲ್ ರೇಖಾಚಿತ್ರ ಬರೆಯುವಂತೆ ಕೇಳಬೇಕು. ರೇಖಾಚಿತ್ರವು ಯೋಜನೆಗೆ ಧಾರಾಳವಾಗಿ ಸಾಕು. ಛಾಯಾಚಿತ್ರವೆಂಬ ಭ್ರಮೆಯನ್ನೂ ಹುಟ್ಟಿಸದು. ಬಂದ ಚೌಕಗಳನ್ನು ವಿವರಪಟ್ಟಿಯೊಡನೆ ಒಂದೊಂದಾಗಿ ತಾಳೆ ನೋಡಿ, ಇಲ್ಲದ್ದನ್ನು ಹೊಡೆದುಹಾಕಬೇಕು. ನಿರೂಪಣೆಯ ಮಾತನ್ನು ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ, ಹೆಚ್ಚಾದುದನ್ನು ಕತ್ತರಿಸಬೇಕು.

ಅಂತಿಮ ಚಿತ್ರೀಕರಣ ಮಾತ್ರ ನಿಜವಾದ ಮನೆಯಲ್ಲಿ, ಹಗಲು ಬೆಳಕಿನಲ್ಲಿಯೇ ನಡೆಯಬೇಕು. ಮೊಬೈಲಿನ ಅಗಲನೋಟದ ಲೆನ್ಸು ಕೋಣೆಯನ್ನು ಇದ್ದುದಕ್ಕಿಂತ ವಿಶಾಲವಾಗಿ ತೋರಿಸುವುದರಿಂದ ಸಾಮಾನ್ಯ ಲೆನ್ಸನ್ನೇ ಬಳಸುವುದು ಲೇಸು.

ಕಾನೂನಿನ ಕಟ್ಟಳೆ

ನೋಂದಣಿ ಅಗತ್ಯವಿರುವ ಹೊಸ ಕಟ್ಟಡ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಮಾಡುವಂತಿಲ್ಲ. ಜಾಹೀರಾತಿನಲ್ಲಿ ಪ್ರಾಧಿಕಾರದ ಜಾಲತಾಣದ ವಿಳಾಸವನ್ನೂ ನೋಂದಣಿ ಸಂಖ್ಯೆಯನ್ನೂ ಎದ್ದು ಕಾಣುವಂತೆ ನಮೂದಿಸಬೇಕು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಕೂಡ ಕಡ್ಡಾಯ. ಜಾಹೀರಾತಿನ ತಪ್ಪು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟ ಹೊಂದಿದವರಿಗೆ ಬಿಲ್ಡರನು ಪರಿಹಾರ ಕೊಡಬೇಕೆಂದು ಕಾಯಿದೆಯ 12ನೆಯ ಕಲಮು ವಿಧಿಸುತ್ತದೆ.

ವಾಸದ ಫ್ಲ್ಯಾಟನ್ನು ಮರುಮಾರಾಟ ಮಾಡುವ ಸಂಸಾರಕ್ಕೆ ಈ ನೋಂದಣಿ ಬೇಕಿಲ್ಲ. ಆದರೂ 1872ರ ಕರಾರು ಕಾಯಿದೆಯಂತೆ, ವಂಚನೆ ಅಥವಾ ತಪ್ಪು ನಿರೂಪಣೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವರು ರದ್ದುಪಡಿಸಬಹುದು. ಯಂತ್ರ ಬರೆದ ಕಿಟಕಿಗೂ ಉತ್ತರ ಕೊಡಬೇಕಾದವರು ಜಾಹೀರಾತು ನೀಡಿದವರೇ.

ಬಣ್ಣದ ಬೆಲೆಯೂ ಬ್ಯಾಂಕಿನ ಲೆಕ್ಕವೂ

ಬ್ಯಾಂಕು ಗೃಹಸಾಲ ನೀಡುವಾಗ ದಾಖಲೆಗಳನ್ನೂ ಮೌಲ್ಯಮಾಪಕರ ವರದಿಯನ್ನೂ ನೋಡುತ್ತದೆ, ವಿಡಿಯೊವನ್ನು ನೋಡುವುದಿಲ್ಲ. 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಸಾಲಕ್ಕೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಮೌಲ್ಯದ ಶೇಕಡಾ 80 ಗರಿಷ್ಠ ಮಿತಿ. ಚಿತ್ರದ ಮೋಹದಿಂದ 80 ಲಕ್ಷಕ್ಕೆ ಒಪ್ಪಿದ ಮನೆಯನ್ನು ಮೌಲ್ಯಮಾಪಕರು 70 ಲಕ್ಷವೆಂದು ಅಂದಾಜು ಮಾಡಿದರೆ, 64 ಲಕ್ಷ ನಿರೀಕ್ಷಿಸಿದವರಿಗೆ ಹೆಚ್ಚೆಂದರೆ 56 ಲಕ್ಷ ದೊರೆತೀತು. ಉಳಿದ 8 ಲಕ್ಷಕ್ಕಾಗಿ ಮಗಳ ಮದುವೆಯ ಠೇವಣಿಯನ್ನೋ ಭವಿಷ್ಯನಿಧಿಯನ್ನೋ ಮುರಿಯಬೇಕಾಗುತ್ತದೆ. ಇಲ್ಲವೇ ವ್ಯವಹಾರ ಮುರಿದು, ಮುಂಗಡದ ಹಣಕ್ಕಾಗಿ ಅಲೆದಾಡಬೇಕಾಗುತ್ತದೆ. ಮಾರುವವರಿಗೂ ತಿಂಗಳುಗಳ ಕಾಲಹರಣ ತಪ್ಪದು.

ದೂರದಿಂದ ಕೊಳ್ಳುವವರಿಗೆ

ಮುಂಬಯಿಯಲ್ಲಿ ಕುಳಿತು ಮೈಸೂರಿನ ಅಥವಾ ಮಂಗಳೂರಿನ ಫ್ಲ್ಯಾಟನ್ನು ವಿಡಿಯೊದಲ್ಲಿ ನೋಡುವವರು ಕೆಲವು ಎಚ್ಚರಿಕೆಗಳನ್ನು ವಹಿಸಬೇಕು. ತೋರಿಸಿದ್ದು ಕಟ್ಟಿದ ಮನೆಯೋ ಕಲ್ಪನೆಯ ಚಿತ್ರವೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಯೋಜನೆಯ ನೋಂದಣಿ ಸಂಖ್ಯೆಯನ್ನು ಕರ್ನಾಟಕದ ರೇರಾ ಜಾಲತಾಣದಲ್ಲಿ ಪರಿಶೀಲಿಸಬೇಕು. ಸಿದ್ಧ ಮನೆಯಾದರೆ, ಗೇಟಿನಿಂದ ಬಾಲ್ಕನಿಯವರೆಗೆ ನಡುವೆ ಕಡಿಯದೆ ಮೊಬೈಲಿನ ವಿಡಿಯೊ ಕರೆಯಲ್ಲಿಯೇ ತೋರಿಸುವಂತೆ ಕೋರಬೇಕು. ಊರಿನಲ್ಲಿರುವ ಬಂಧುಗಳನ್ನು ಟೇಪಿನೊಡನೆ ಕಳುಹಿಸಿ ಕೋಣೆಗಳನ್ನು ಅಳೆಯಿಸಬೇಕು. ಇವು ಮುಗಿಯುವವರೆಗೆ ಮುಂಗಡದ ಚೆಕ್ಕು ಬರೆಯುವುದು ಬೇಡ.