ಉರಿಯುವ ಬಲ್ಬಿಗೆ ಎಷ್ಟು ಓಮ್?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಮೋಟರ್ ವೈಂಡಿಂಗ್ ಅಂಗಡಿಯೊಂದರಲ್ಲಿ, ಗೋಡೆಯ ಹಲಗೆಯ ಮೇಲೆ 100 ವ್ಯಾಟಿನ ಹಳೆಯ ಗಾಜಿನ ಬಲ್ಬ್ ಇದೆ. ಊರೆಲ್ಲ ಎಲ್‌ಇಡಿಗೆ ತಿರುಗಿದರೂ ಮೇಸ್ತ್ರಿ ಅದನ್ನು ಬಿಟ್ಟುಕೊಟ್ಟಿಲ್ಲ. ಅದು ಇರುವುದು ಬೆಳಕಿಗಲ್ಲ, ಪರೀಕ್ಷೆಗೆ. ಸುಟ್ಟ ಮೋಟರಿನ ಸುರುಳಿಯನ್ನು ಬಲ್ಬಿನ ಜೊತೆ ಸೀರೀಸ್‌ನಲ್ಲಿ ಸೇರಿಸಿ ಸ್ವಿಚ್ ಹಾಕುತ್ತಾರೆ. ಬಲ್ಬ್ ಉರಿಯದಿದ್ದರೆ ಎಲ್ಲೋ ತಂತಿ ಕಡಿದಿದೆ. ಪೂರ್ತಿ ಉರಿದರೆ ಒಳಗೆ ಶಾರ್ಟ್ ಆಗಿದೆ. ಮಂದವಾಗಿ ಉರಿದರೆ ಮುಂದಿನ ತಪಾಸಣೆಗೆ ಅರ್ಹ. ಒಳಗೇ ಸರ್ಕ್ಯೂಟ್ ಇಟ್ಟುಕೊಂಡ ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು.

ಆ ಬಲ್ಬನ್ನು ಬಿಚ್ಚಿ ಮಲ್ಟಿಮೀಟರ್ ಹಚ್ಚಿದಾಗ ಬಂದದ್ದು 40 ಓಮ್ ಆಸುಪಾಸು. ಲೆಕ್ಕ ಹೇಳುವುದೇ ಬೇರೆ. 100 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 0.435 ಆಂಪಿಯರ್. 230ನ್ನು ಮತ್ತೆ ಅದರಿಂದ ಭಾಗಿಸಿದರೆ 529 ಓಮ್. ಮೀಟರಿಗೂ ಲೆಕ್ಕಕ್ಕೂ ಹದಿಮೂರು ಪಟ್ಟು ಅಂತರ!

‘ಮೀಟ್ರು ಸುಳ್ಳು ಹೇಳಲ್ಲ ಸರ್. ನೀವು ತಣ್ಣಗಿರೋ ಬಲ್ಬನ್ನ ಕೇಳೀರಿ, ಉರಿಯೋವಾಗ ಕೇಳ್ರಿ’ ಅಂದರು ಮೇಸ್ತ್ರಿ.

ಅವರ ಮಾತಿನಲ್ಲೇ ಉತ್ತರವಿತ್ತು. ಟಂಗ್‌ಸ್ಟನ್ ತಂತಿ ಬೆಳಗುವಾಗ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಕಾದಷ್ಟೂ ಅದರ ರೋಧ ಹೆಚ್ಚುತ್ತದೆ. ಹಾಗಾಗಿ ಸ್ವಿಚ್ ಹಾಕಿದ ಕ್ಷಣ ತಣ್ಣನೆಯ ತಂತಿಗೆ ಐದಾರು ಆಂಪಿಯರ್ ನುಗ್ಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ತಂತಿ ಕಾದು ಅರ್ಧ ಆಂಪಿಯರಿಗಿಂತ ಕೆಳಗಿಳಿಯುತ್ತದೆ. ಹಳೆಯ ಬಲ್ಬುಗಳು ಸ್ವಿಚ್ ಹಾಕಿದಾಗಲೇ ‘ಟಪ್’ ಎಂದು ಹೋಗುತ್ತಿದ್ದುದು ಇದಕ್ಕೇ.

ಮೇಸ್ತ್ರಿ ಇನ್ನೊಂದು ಅಂಥದೇ ಬಲ್ಬ್ ತಂದು ಎರಡನ್ನೂ ಸೀರೀಸ್‌ನಲ್ಲಿ ಹಾಕಿದರು. ಒಂದೊಂದಕ್ಕೆ 115 ವೋಲ್ಟ್. ರೋಧ 529ರಲ್ಲೇ ನಿಂತಿದ್ದರೆ 0.22 ಆಂಪಿಯರ್ ಹರಿದು, ತಲಾ 25 ವ್ಯಾಟ್ ಆಗಬೇಕಿತ್ತು. ಮೀಟರಿನಲ್ಲಿ ಕಂಡದ್ದು ಹೆಚ್ಚುಕಡಿಮೆ 0.3 ಆಂಪಿಯರ್. 115ನ್ನು 0.3ರಿಂದ ಗುಣಿಸಿದರೆ 34 ವ್ಯಾಟ್, ಭಾಗಿಸಿದರೆ 380 ಓಮ್ ದಾಟುತ್ತದೆ. ಒಂದೇ ಬಲ್ಬಿಗೆ 40, 380, 529 ಎಂದು ಮೂರು ರೋಧ! ಮೂರೂ ನಿಜವೇ. ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜನ್ನೂ ಕರೆಂಟನ್ನೂ ಒಟ್ಟಿಗೆ ಅಳೆದರೆ ಮಾತ್ರ ಆ ಹೊತ್ತಿನ ರೋಧ ಸಿಗುತ್ತದೆ. ಹೈಸ್ಕೂಲಿನ ಓಮ್ ನಿಯಮದ ಪಾಠದ ಜೊತೆಗೆ ಮಕ್ಕಳಿಗೆ ಈ ಎರಡು ಬಲ್ಬಿನ ಪ್ರಯೋಗವನ್ನೂ ತೋರಿಸಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಜರ್ಮನಿಯ ಶಾಲಾ ಶಿಕ್ಷಕ ಗಿಯೋರ್ಗ್ ಓಮ್ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ್ದು 1827ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. ಕರೆಂಟಿನ ವರ್ಗಕ್ಕೆ ತಕ್ಕಂತೆ ತಂತಿ ಕಾಯುತ್ತದೆ ಎಂದು ಭೌತವಿಜ್ಞಾನಿ ಜೂಲ್ ಪ್ರಕಟಿಸಿದ್ದೂ ಅದೇ ವರ್ಷ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಾಗ ವೋಲ್ಟೇಜನ್ನು ಸಾವಿರಾರು ವೋಲ್ಟಿಗೆ ಏರಿಸಿದ್ದು ಇದೇ ಲೆಕ್ಕದಿಂದ: ವೋಲ್ಟೇಜ್ ಏರಿದರೆ ಅಷ್ಟೇ ಸಾಮರ್ಥ್ಯಕ್ಕೆ ಕರೆಂಟ್ ಕಡಿಮೆ ಸಾಕು, ದಾರಿಯಲ್ಲಿ ತಂತಿ ಕಾಯುವುದೂ ಕಡಿಮೆ.  ಇಂದು ಬಳ್ಳಾರಿ ಜಿಲ್ಲೆಯ ಕುಡತಿನಿಯ ಉಷ್ಣ ಸ್ಥಾವರದ ಸಾಮರ್ಥ್ಯ 1,700 ಮೆಗಾವ್ಯಾಟ್.

ಕೂಗಳತೆಯಲ್ಲಿ ಅಷ್ಟು ದೊಡ್ಡ ಸ್ಥಾವರವಿದ್ದರೂ ಹೊಲದಲ್ಲಿ ವೋಲ್ಟೇಜ್ ಏಕೆ ಬೀಳುತ್ತದೆ? ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ ಆಚೆಗಿನ ಉದ್ದನೆಯ ಲೈನಿಗೂ ರೋಧವಿದೆ. ಎಲ್ಲರ ಪಂಪ್‌ಸೆಟ್ ಒಟ್ಟಿಗೆ ಓಡಿದರೆ ಲೈನಿನಲ್ಲಿ ಕರೆಂಟ್ ಹೆಚ್ಚಿ, ತುದಿಯ ಹೊಲಕ್ಕೆ ಮುಟ್ಟುವ ವೋಲ್ಟೇಜ್ ಇಳಿಯುತ್ತದೆ.

ಅದರ ಪರಿಣಾಮ ಎಲ್ಲ ಉಪಕರಣಕ್ಕೂ ಒಂದೇ ಅಲ್ಲ. ಬಳ್ಳಾರಿಯ ಜೀನ್ಸ್ ಶೆಡ್ಡಿನಲ್ಲಿರುವ 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ತೆಗೆದುಕೊಳ್ಳಿ. ಅದರ ನೈಕ್ರೋಮ್ ತಂತಿ ಕಾದರೂ ರೋಧ ಹೆಚ್ಚು ಬದಲಾಗದು, ಸುಮಾರು 53 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ 3.4 ಆಂಪಿಯರ್, 612 ವ್ಯಾಟ್. ಇಸ್ತ್ರಿ ನಿಧಾನವಾಗುತ್ತದೆ, ಪೆಟ್ಟಿಗೆ ಸುಡುವುದಿಲ್ಲ.

ಕುರುಗೋಡಿನ ಹೊಲದ ಮೋಟರಿನ ಸ್ವಭಾವ ಇದಕ್ಕೆ ತಿರುಗುಮುರುಗು. ವೋಲ್ಟೇಜ್ ಇಳಿದರೂ ಅದು ನೀರೆತ್ತಲೇಬೇಕು, ಆದ್ದರಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಶೇ 20 ಹೆಚ್ಚಾದರೆ ಸುರುಳಿಯ ಬಿಸಿ ಶೇ 44 ಹೆಚ್ಚುತ್ತದೆ. ಮೊದಲು ವಾರ್ನಿಷ್ ಕರಕಲಾಗುತ್ತದೆ, ಆಮೇಲೆ ಮೋಟರೇ ವೈಂಡಿಂಗ್ ಅಂಗಡಿಗೆ ಬರುತ್ತದೆ. ಮೋಟರಿಗೆ ವೋಲ್ಟ್ ಭಾಗಿಸು ಆಂಪಿಯರ್ ಎಂಬ ಲೆಕ್ಕವೂ ನೇರವಾಗಿ ಒಗ್ಗದು. ತಿರುಗುವ ಮೋಟರ್ ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತಿರುತ್ತದೆ. ತ್ರೀಫೇಸ್‌ನಲ್ಲಿ ಸಾಮರ್ಥ್ಯ ತಿಳಿಯಲು 1.73ರಿಂದಲೂ ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು: 415 ವೋಲ್ಟ್, 7.5 ಆಂಪಿಯರ್, 0.82 ಪವರ್ ಫ್ಯಾಕ್ಟರ್ ಇದ್ದರೆ ಸುಮಾರು 4,400 ವ್ಯಾಟ್. ಅದರಲ್ಲಿ 5 ಎಚ್‌ಪಿ, ಅಂದರೆ 3,730 ವ್ಯಾಟ್, ಕೆಲಸವಾಗಿ ಸಿಕ್ಕರೆ ಮಿಕ್ಕಿದ್ದು ಹೆಚ್ಚಾಗಿ ಬಿಸಿಯಾಗಿ ಹೋಗುತ್ತದೆ.

ಹಾಗಾಗಿ ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್‌ಮೀಟರ್, ಆಮ್‌ಮೀಟರ್ ಕೆಟ್ಟು ಹೋಗಿದ್ದರೆ ಮೊದಲು ಅವನ್ನು ಸರಿಮಾಡಿಸಿ. ಮೋಟರಿನ ತಗಡಿನ ಪಟ್ಟಿಯ ಮೇಲೆ ಬರೆದ ಆಂಪಿಯರನ್ನು ಬಾಗಿಲಿನ ಒಳಗೆ ಬಣ್ಣದಲ್ಲಿ ಬರೆದಿಡಿ. ಮುಳ್ಳು ಅದನ್ನು ದಾಟಿ ನಿಂತರೆ, ಆ ಸರದಿಯ ನೀರು ಹೋದರೂ ಸರಿ, ಸ್ವಿಚ್ ಆರಿಸಿ. ರೈತನಿಗೆ ಒಂದು ಸರದಿಯ ನೀರಿಗಿಂತ ಸುಟ್ಟ ಸುರುಳಿಯೇ ದುಬಾರಿ.