ಕಾರಿನ ಬಣ್ಣಕ್ಕೆ ನೂರು ವರ್ಷ: ಸಿಮೆಂಟ್ ಸೀಮೆಗೆ ಯಾವ ಪೇಂಟ್ ಸರಿ?

ಕಲಬುರಗಿಯಿಂದ ಗುಂಡಗುರ್ತಿ, ಮಳಖೇಡ ಹಾದು ಸೇಡಂ ಕಡೆ ಓಡಾಡುವ ಹಳೆಯ ಕಾರುಗಳನ್ನು ಒಮ್ಮೆ ಗಮನಿಸಿ ನೋಡಿ. ಬಾಗಿಲುಗಳ ಬಣ್ಣ ಇನ್ನೂ ಗಟ್ಟಿಯಾಗಿರುತ್ತದೆ. ಬಾನೆಟ್ಟು ಮತ್ತು ಟಾಪು ಮಾತ್ರ ಮಂಕಾಗಿ, ಕೈಯಾಡಿಸಿದರೆ ಬೆರಳಿಗೆ ಪುಡಿ ಹತ್ತುವಂತಾಗಿರುತ್ತವೆ. ಆಕಾಶಕ್ಕೆ ಮುಖಮಾಡಿದ ತಗಡಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ, ಧೂಳೂ ಅಲ್ಲೇ ಕೂರುತ್ತದೆ. ಮತ್ತೆ ಪೇಂಟ್ ಮಾಡಿಸಲು ಹೊರಟಾಗ ನಾವು ಮೊದಲು ಕೇಳುವುದು ಯಾವ ಬಣ್ಣ ಎಂದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಯಾವ ಜಾತಿಯ ಪೇಂಟ್ ಎಂದು. ಈ ಸೀಮೆಯಲ್ಲಂತೂ ಕಾರಿನ ಮೈಯ ಆಯುಷ್ಯ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ನೆಲದಡಿ ಹರಡಿಕೊಂಡಿರುವುದು ಸುಣ್ಣದ ಕಲ್ಲು. ಅದೇ ಕಲ್ಲು ಫರ್ಸಿಯಾಗಿ ಮನೆಗಳ ನೆಲಕ್ಕೆ ಹಾಸಾಯಿತು, ಗೂಡಿನಲ್ಲಿ ಬೆಂದು ಸಿಮೆಂಟ್ ಆಯಿತು. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿಯಲ್ಲಿ ವಿಲೀನವಾಯಿತು. ವಾಡಿಯ ಕಾರ್ಖಾನೆ 1968ರಲ್ಲಿ ಬಂತು. ಮುಂದೆ ಮಳಖೇಡ, ಸೇಡಂ, ಚಿಂಚೋಳಿ ಕಡೆಗೂ ಚಿಮಣಿಗಳು ಎದ್ದವು. ಕಲ್ಲಿನ ಗಣಿ, ಫರ್ಸಿ ಕೊಯ್ಯುವ ಘಟಕ, ಸಿಮೆಂಟ್ ಲಾರಿ, ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲು: ಇಲ್ಲಿ ಕಾರಿನ ಬಣ್ಣ ಬಾಳಬೇಕಾದ ವಾತಾವರಣ ಇದು.

ಕಾರು ಹುಟ್ಟಿದಾಗ ಅದಕ್ಕೆಂದೇ ಬೇರೆ ಪೇಂಟ್ ಇರಲಿಲ್ಲ. ಕುದುರೆ ಸಾರೋಟಿಗೆ ಹಚ್ಚುತ್ತಿದ್ದ ಎಣ್ಣೆ ಬಣ್ಣ ಮತ್ತು ವಾರ್ನಿಷನ್ನೇ ಕುಂಚದಲ್ಲಿ ಪದರ ಪದರವಾಗಿ ಬಳಿಯುತ್ತಿದ್ದರು. ಒಂದು ಪದರ ಒಣಗಿ, ಉಜ್ಜಿ, ಇನ್ನೊಂದು ಹಚ್ಚುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ಫೋರ್ಡ್ ಕಂಪನಿ 1914ರಿಂದ 1925ರವರೆಗೆ ತನ್ನ ಮಾಡೆಲ್-ಟಿ ಕಾರನ್ನು ಕಪ್ಪು ಬಣ್ಣದಲ್ಲಷ್ಟೇ ಮಾರಿತು.

ಮೊದಲ ಮಹಾಯುದ್ಧ ಮುಗಿದಾಗ ಸಿಡಿಮದ್ದಿಗೆ ಬೇಕಾದ ನೈಟ್ರೋಸೆಲ್ಯುಲೋಸ್ ತಯಾರಿಸುತ್ತಿದ್ದ ಕಾರ್ಖಾನೆಗಳಿಗೆ ಹೊಸ ಕೆಲಸ ಬೇಕಾಯಿತು. ಅಮೆರಿಕದ ಡ್ಯೂಪಾಂಟ್ ಕಂಪನಿ ಅದೇ ವಸ್ತುವಿನಿಂದ ಡ್ಯೂಕೋ ಎಂಬ ಲ್ಯಾಕರ್ ತಯಾರಿಸಿತು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳು ಈ ಡ್ಯೂಕೋದ ನೀಲಿ ಬಣ್ಣ ತೊಟ್ಟು ಬಂದವು. ಸ್ಪ್ರೇ ಗನ್ನಿನಲ್ಲಿ ಹೊಡೆದರೆ ತಿನ್ನರ್ ಆರಿಹೋಗಿ ಬಣ್ಣ ಬೇಗ ಗಟ್ಟಿಯಾಗುತ್ತಿತ್ತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಗ್ಯಾರೇಜುಗಳಲ್ಲಿ ಎನ್‌ಸಿ ಎಂದು ಕರೆಯುವುದು ಇದೇ ಪೇಂಟನ್ನು. ಬಯಲಲ್ಲಿ ನಿಲ್ಲಿಸಿಯೂ ಹೊಡೆಯಬಹುದು, ಧೂಳು ಕೂತರೆ ಉಜ್ಜಿ ಪಾಲಿಶ್ ಮಾಡಬಹುದು. ಇದರಿಂದಾಗಿಯೇ ಸಣ್ಣ ಶೆಡ್ಡುಗಳಲ್ಲಿ ಅದು ದಶಕಗಳ ಕಾಲ ಉಳಿಯಿತು. ಆದರೆ ತಿನ್ನರ್ ಆರಿ ಗಟ್ಟಿಯಾದದ್ದು ತಿನ್ನರ್ ತಾಗಿದರೆ ಮತ್ತೆ ಕರಗುತ್ತದೆ. ಬಿಸಿಲಿಗೆ ಪೆಡಸಾಗಿ ಬಿರುಕು ಬಿಡುತ್ತದೆ. ಮಳೆಗಾಲದ ತೇವದಲ್ಲಿ ಹೊಡೆದರೆ ಬಿಳಿಚಿಕೊಳ್ಳುತ್ತದೆ.

ಅದರ ಬೆನ್ನಿಗೇ ಬಂದದ್ದು ಅಲ್ಕಿಡ್ ರಾಳದ ಸಿಂಥೆಟಿಕ್ ಎನಾಮಲ್. ಕಾರ್ಖಾನೆಗಳು ಈ ಬಗೆಯ ಎನಾಮಲ್ಲನ್ನು ಒಲೆಯ ಕಾವಿನಲ್ಲಿ ಬೇಯಿಸಿ ಗಟ್ಟಿ ಮಾಡುತ್ತಿದ್ದವು. ಪೇಂಟ್ ಅಂಗಡಿಯ ಡಬ್ಬದಲ್ಲಿ ಸಿಗುವುದು ಗಾಳಿಗೆ ತಾನಾಗಿ ಒಣಗುವ ಬಗೆ. ಲಾರಿ ಬಾಡಿ, ಟ್ರ್ಯಾಕ್ಟರ್ ಟ್ರಾಲಿ, ಕಬ್ಬಿಣದ ಗೇಟುಗಳಿಗೆಲ್ಲ ಅದೇ. ಇವೆರಡರ ಬಾಳಿಕೆ ಒಂದೇ ಅಲ್ಲ.

ಎನಾಮಲ್‌ಗೆ ನಮ್ಮ ಸೀಮೆಯಲ್ಲಿ ಬೇರೆಯದೇ ಒಂದು ಶತ್ರುವಿದೆ. ಚಳಿಗಾಲದ ಇರುಳು ಹೊರಗೆ ನಿಂತ ಕಾರಿನ ಮೇಲೆ ಸಿಮೆಂಟ್ ಧೂಳು ತೆಳ್ಳಗೆ ಕೂರುತ್ತದೆ, ನಸುಕಿಗೆ ಇಬ್ಬನಿ ಬೀಳುತ್ತದೆ. ನೀರು ಕಂಡ ಸಿಮೆಂಟ್ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಬಿಡುತ್ತದೆ, ಆ ಹನಿಯ ಪಿಎಚ್ 12ನ್ನೂ ಮೀರಬಹುದು. ಕ್ಷಾರ ಸೇರಿದರೆ ಎಣ್ಣೆ ಸಾಬೂನಾಗುತ್ತದೆ. ಅಲ್ಕಿಡ್ ರಾಳವೂ ಎಣ್ಣೆಯಿಂದಲೇ ಹುಟ್ಟಿದ್ದು, ಆದ್ದರಿಂದ ಎನಾಮಲ್ ಪದರದಲ್ಲೂ ಅದೇ ಕ್ರಿಯೆ ನಡೆಯುತ್ತದೆ. ಹೊಳಪು ಸಾಯುತ್ತದೆ, ಪದರ ಮೆತ್ತಗಾಗುತ್ತದೆ. ಬಿಸಿಲೇರಿದಾಗ ಹನಿ ಆರಿ, ಗಟ್ಟಿಯಾದ ಬೂದು ಚುಕ್ಕೆ ಉಳಿಯುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಉಜ್ಜಿದರೆ ಮರಳು ಕಾಗದ ಉಜ್ಜಿದ ಹಾಗೆ ಗೀರು ಬೀಳುತ್ತದೆ.

ಈ ಕಷ್ಟಗಳಿಗೆ ಉತ್ತರದ ಬೀಜ ಬಿದ್ದದ್ದು 1937ರಲ್ಲಿ. ಆ ವರ್ಷ ಜರ್ಮನಿಯಲ್ಲಿ ಆಟೋ ಬಾಯರ್ ಮತ್ತು ಸಂಗಡಿಗರು ಪಾಲಿಯುರೆಥೇನನ್ನು ಕಂಡುಹಿಡಿದರು. ಅದರಿಂದ ಬೆಳೆದ ಪೇಂಟೇ ಇವತ್ತಿನ ಪಿಯು, ಗ್ಯಾರೇಜಿನ ಮಾತಲ್ಲಿ ಟು-ಕೆ. ಪೇಂಟಿಗೆ ಹಾರ್ಡ್ನರ್ ಬೆರೆಸಿದೊಡನೆ ಎರಡರ ನಡುವೆ ರಾಸಾಯನಿಕ ಬಂಧ ಶುರುವಾಗುತ್ತದೆ. ಒಮ್ಮೆ ಗಟ್ಟಿಯಾದರೆ ತಿನ್ನರ್ ಹಾಕಿದರೂ ಕರಗದು, ಕ್ಷಾರಕ್ಕೂ ಸುಲಭವಾಗಿ ಬಗ್ಗದು. 1980ರ ದಶಕದಲ್ಲಿ ಕೆಳಗೆ ಬಣ್ಣದ ಬೇಸ್ ಕೋಟ್, ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಎಂಬ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು. ನಮ್ಮಲ್ಲಿ ಮೊದಲ ಮಾರುತಿ 800ರ ಕೀಲಿ ಕೈಬದಲಾದದ್ದು 1983ರ ಡಿಸೆಂಬರ್ 14ರಂದು. ಮುಂದೆ ಮೆಟಾಲಿಕ್ ಬಣ್ಣದ ಕಾರುಗಳು ಹೆಚ್ಚಾದಂತೆ ಕ್ಲಿಯರ್ ಕೋಟ್ ಇಲ್ಲಿನ ಶೆಡ್ಡುಗಳಿಗೂ ಬಂತು. ಬಿಸಿಲಿನ ಅತಿನೇರಳೆ ಕಿರಣವನ್ನು ಹೀರುವ ರಾಸಾಯನಿಕ ಇರುವುದು ಈ ಮೇಲಿನ ಪದರದಲ್ಲೇ.

ಹಾಗಾದರೆ ಆಯ್ಕೆ ಹೇಗೆ? ಮೊದಲು ಈಗಿರುವ ಪೇಂಟ್ ಯಾವುದೆಂದು ತಿಳಿಯಬೇಕು. ಡಿಕ್ಕಿಯ ಒಳ ಅಂಚಿನಂಥ ಮರೆಯ ಜಾಗದಲ್ಲಿ, ತಿನ್ನರ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಒತ್ತಿ ಉಜ್ಜಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಲ್ಯಾಕರ್. ಮೆತ್ತಗಾಗಿ ಸುಕ್ಕುಗಟ್ಟಿದರೆ ಗಾಳಿಗೆ ಒಣಗಿಸಿದ ಎನಾಮಲ್. ಏನೂ ಆಗದಿದ್ದರೆ ಕಾರ್ಖಾನೆಯಲ್ಲಿ ಬೇಯಿಸಿದ್ದು ಅಥವಾ ಪಿಯು. ಹಳೆಯ ಎನ್‌ಸಿ ಅಥವಾ ಎನಾಮಲ್ ಮೇಲೆ ಪಿಯು ಹೊಡೆದರೆ ಅಡಿಯ ಪದರ ಮೇಲೆದ್ದು ಸುಕ್ಕಾಗುವ ಅಪಾಯವಿದೆ. ಅದನ್ನು ತಗಡಿನವರೆಗೂ ಕೆರೆದು, ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ಟು-ಕೆ ಸರ್ಫೇಸರ್ ಕೊಟ್ಟು ಮುಂದುವರಿಯುವುದೇ ಭದ್ರ. ಅಡಿಪಾಯದಲ್ಲಿ ದುಡ್ಡು ಉಳಿಸಿ ಮೇಲೆ ದುಬಾರಿ ಕ್ಲಿಯರ್ ಹೊಡೆದರೆ ಫಲವಿಲ್ಲ.

ಮೆಟಾಲಿಕ್ ಬಣ್ಣವಾದರೆ ಬೇಸ್ ಕೋಟ್ ಮತ್ತು ಪಿಯು ಕ್ಲಿಯರ್ ಕೋಟ್ ಎರಡೂ ಬೇಕೇ ಬೇಕು. ಸಾದಾ ಬಿಳಿ ಬಣ್ಣಕ್ಕೆ ಕ್ಲಿಯರ್ ಇಲ್ಲದೆಯೂ ಹೊಳೆಯುವ ಒಂದೇ ಹಂತದ ಪಿಯು ಸಾಕು. ಖರ್ಚೂ ಕಡಿಮೆ, ಬಿಳಿಗೆ ಕಾವೂ ಕಡಿಮೆ. ಬೇಸಿಗೆಯಲ್ಲಿ ಹೊಡೆಸುವುದಾದರೆ ನಿಧಾನ ಒಣಗುವ ತಿನ್ನರ್, ಹಾರ್ಡ್ನರ್ ಕೇಳಿ, ಬೆಳಗಿನ ತಂಪಿನಲ್ಲಿ ಕೆಲಸ ಮಾಡಿಸಿ. ಇಲ್ಲವಾದರೆ ಹನಿ ತಗಡು ಮುಟ್ಟುವ ಮೊದಲೇ ಒಣಗಿ ಮೈ ಒರಟಾಗುತ್ತದೆ. ಬಣ್ಣವನ್ನೇ ಬದಲಿಸುವವರು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೂ ತಿದ್ದುಪಡಿ ಮಾಡಿಸಬೇಕು. ಸೇನೆಯ ಆಲಿವ್ ಹಸಿರು ಖಾಸಗಿ ವಾಹನಕ್ಕೆ ನಿಷಿದ್ಧ.

ಪಿಯು ಪೇಂಟಿಗೆ ಇರುವ ದೊಡ್ಡ ಬೆಲೆ ದುಡ್ಡಿನದಲ್ಲ. ಅದರ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇದೆ. ಸ್ಪ್ರೇ ಮಾಡುವಾಗ ಅದರ ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು. ಒಮ್ಮೆ ಅಂಟಿದರೆ ಮುಂದೆ ಸ್ವಲ್ಪವೇ ತಾಗಿದರೂ ಉಸಿರು ಕಟ್ಟುತ್ತದೆ. ಮುಖಕ್ಕೆ ಸುತ್ತಿದ ಟವೆಲ್ಲಾಗಲಿ, ಧೂಳಿನ ಮಾಸ್ಕಾಗಲಿ ಇದನ್ನು ತಡೆಯಲಾರದು. ಹೊರಗಿನ ಶುದ್ಧ ಗಾಳಿಯನ್ನು ನಳಿಕೆಯಲ್ಲಿ ಪೂರೈಸುವ ಮಾಸ್ಕೇ ಬೇಕು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಉಸ್ತಾದನ ಪಕ್ಕ ನಿಂತು ಕೆಲಸ ಕಲಿಯುವ ಹುಡುಗನಿಗೂ ಅದು ಬೇಕು. ನಮ್ಮ ಕಾರಿನ ಹೊಳಪಿಗೆ ಅವರ ಉಸಿರು ಬೆಲೆಯಾಗಬಾರದು.

ಬಿಸಿಲು ಮತ್ತು ಸಿಮೆಂಟ್ ಧೂಳಿನ ನಡುವೆ ಓಡುವ ಕಾರಿಗೆ ಪಿಯು ಪೇಂಟೇ ಸರಿ. ಎನ್‌ಸಿ ಅಗ್ಗವೆಂದು ಹಾಕಿಸಿದರೆ ಬೇಗನೆ ಮತ್ತೆ ಅದೇ ಖರ್ಚು ಕಾದಿರುತ್ತದೆ. ಪೇಂಟ್ ಮಾಡಿಸುವ ಮುನ್ನ ಎರಡು ಕೆಲಸ ಮಾಡಿ: ಪ್ರೈಮರ್, ಪೇಂಟ್, ಕ್ಲಿಯರ್ ಯಾವ ಬಗೆಯವು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಹೊಡೆಯುವವರಿಗೆ ಸರಿಯಾದ ಮಾಸ್ಕ್ ಇದೆಯೇ ಎಂದು ನೋಡಿ. ಮನೆಗೆ ತಂದ ಮೇಲೆ ಧೂಳು ಕೂತ ಕಾರನ್ನು ಒಣ ಬಟ್ಟೆಯಿಂದ ಒರೆಸದೆ, ಮೊದಲು ಧಾರಾಳವಾಗಿ ನೀರು ಹಾಯಿಸಿ ತೊಳೆಯಿರಿ.