ಎಂಜಿನ್ ಸ್ಟ್ಯಾಂಡ್: ತೂಕಕ್ಕಿಂತ ತೋಳಿನ ಲೆಕ್ಕ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕಾರಿನಿಂದ ಇಳಿಸಿದ ಎಂಜಿನ್ ಹೋಗಿ ಕೂರುವುದು ಹೆಚ್ಚಾಗಿ ಹಳೇ ಟೈರಿನ ಮೇಲೆ. ಉಪಾಯವೇನೂ ಕೆಟ್ಟದ್ದಲ್ಲ. ಟೈರು ಅತ್ತಿತ್ತ ಜಾರುವುದಿಲ್ಲ, ಕೆಳಗಿನ ಆಯಿಲ್ ಚೇಂಬರ್ ನೆಲಕ್ಕೆ ತಾಗಿ ನೆಗ್ಗುವುದಿಲ್ಲ, ಕಾಸೂ ಖರ್ಚಿಲ್ಲ. ತೊಂದರೆ ಎದುರಾಗುವುದು ಎಂಜಿನನ್ನು ಮಗುಚಬೇಕಾದಾಗ. ಹೆಡ್ಡು ಬಿಚ್ಚುವುದು ಮೇಲಿನಿಂದ, ಕ್ರ್ಯಾಂಕು ಬೇರಿಂಗುಗಳನ್ನು ಬಿಚ್ಚುವುದು ಕೆಳಗಿನಿಂದ. ಒಂದು ಎಂಜಿನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಅದನ್ನು ಎಷ್ಟೋ ಸಲ ತಿರುಗಿಸಿ ಹಾಕಬೇಕು. ಅದಕ್ಕೆಂದೇ ಇರುವುದು ಎಂಜಿನ್ ಸ್ಟ್ಯಾಂಡ್. ಚಕ್ರಗಳ ಮೇಲೊಂದು ಉಕ್ಕಿನ ಕಂಬ, ಕಂಬದ ತುದಿಯಲ್ಲಿ ತಿರುಗುವ ತಟ್ಟೆ, ತಟ್ಟೆಯಿಂದ ಮುಂಚಾಚಿದ ನಾಲ್ಕು ಬೆರಳುಗಳು. ಗೇರ್‌ಬಾಕ್ಸ್ ಕೂರುವ ಹಿಂಬದಿಯ ಮುಖಕ್ಕೆ ಈ ಬೆರಳುಗಳನ್ನು ಬೋಲ್ಟ್ ಹಾಕಿ ಬಿಗಿದರೆ, ಇಡೀ ಎಂಜಿನ್ ಒಂದೇ ಕಡೆಯ ಆಧಾರದ ಮೇಲೆ ಅಡ್ಡಕ್ಕೆ ಚಾಚಿಕೊಂಡು ನಿಲ್ಲುತ್ತದೆ.

ಮಾರಾಟದ ಸ್ಟ್ಯಾಂಡುಗಳ ಮೇಲೆ 750 ಪೌಂಡ್, 1000 ಪೌಂಡ್, 1250 ಪೌಂಡ್ ಎಂದು ಬರೆದಿರುತ್ತದೆ. ಕಿಲೊ ಲೆಕ್ಕದಲ್ಲಿ ಸುಮಾರು 340, 450, 570. ಹಳೆಯ ಕಾರಿನ ನಾಲ್ಕು ಸಿಲಿಂಡರಿನ ಎರಕದ ಕಬ್ಬಿಣದ ಎಂಜಿನ್ 180 ಕಿಲೊ ತೂಗುತ್ತದೆ ಎನ್ನೋಣ. ಹಾಗಿದ್ದರೆ ಎಲ್ಲಕ್ಕಿಂತ ಅಗ್ಗದ್ದೇ ಸಾಕಲ್ಲ? ಬಹಳ ಮಂದಿ ಮಾಡುವ ಲೆಕ್ಕ ಇದೇ. ಆದರೆ ಆ ಸಂಖ್ಯೆ ತೂಕವನ್ನು ಮಾತ್ರ ಹೇಳುತ್ತದೆ. ತೂಕ ಎಷ್ಟು ದೂರದಲ್ಲಿ ನೇತಾಡುತ್ತಿದೆ ಎಂಬುದನ್ನು ಹೇಳುವುದಿಲ್ಲ.

ತುಂಬಿದ ಕೊಡಪಾನವನ್ನು ಸೊಂಟಕ್ಕೆ ಒತ್ತಿ ಹಿಡಿದು ಮೈಲಿ ನಡೆಯಬಹುದು. ಅದನ್ನೇ ಕೈ ನೀಡಿ ಮುಂದೆ ಹಿಡಿದರೆ ಹತ್ತು ಹೆಜ್ಜೆಗೆ ಭುಜ ಸೋಲುತ್ತದೆ. ನೀರು ಅಷ್ಟೇ, ಹೆಚ್ಚಿದ್ದು ತೋಳಿನ ಉದ್ದ. ಬಲವನ್ನು ದೂರದಿಂದ ಗುಣಿಸಿದರೆ ಸಿಗುವುದೇ ಬಾಗಿಸುವ ಬಲ. ನಮ್ಮ 180 ಕಿಲೊ ಎಂಜಿನ್ನಿನ ಗುರುತ್ವ ಕೇಂದ್ರ ಅದರ ಹಿಂಬದಿಯ ಮುಖದಿಂದ 35 ಸೆಂಟಿಮೀಟರ್ ಮುಂದಿದ್ದರೆ, ಆ ಮುಖದಲ್ಲಿ ಬೀಳುವ ಬಾಗಿಸುವ ಬಲ ಸುಮಾರು 620 ನ್ಯೂಟನ್-ಮೀಟರ್. ಬೆರಳುಗಳು 15 ಸೆಂಟಿಮೀಟರ್ ಉದ್ದವಿದ್ದರೆ ಅವುಗಳ ಬುಡದಲ್ಲಿ ಅದು 880 ಆಗುತ್ತದೆ. ಕಂಬ ಇನ್ನೂ 20 ಸೆಂಟಿಮೀಟರ್ ಹಿಂದೆ ಇದ್ದರೆ ಅಲ್ಲಿ 1,230 ದಾಟುತ್ತದೆ. ಎಂಜಿನ್ ಬದಲಾಗಿಲ್ಲ, ತೂಕ ಒಂದು ಗ್ರಾಮೂ ಏರಿಲ್ಲ, ಕಂಬಕ್ಕೆ ಬರುವಷ್ಟರಲ್ಲಿ ಹೊರೆ ಇಮ್ಮಡಿ.

ಆದ್ದರಿಂದ ಸ್ಟ್ಯಾಂಡ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಬೆರಳುಗಳನ್ನು. ಗಿಡ್ಡವಿದ್ದಷ್ಟೂ ಒಳ್ಳೆಯದು. ಆಮೇಲೆ ಕಂಬದ ಕೊಳವೆಯನ್ನು. ಚೌಕ ಕೊಳವೆಯ ಗೋಡೆಯ ದಪ್ಪ ಅಷ್ಟೇ ಇಟ್ಟು ಬದಿಯನ್ನು 50 ಮಿಲಿಮೀಟರಿನಿಂದ 75ಕ್ಕೆ ಏರಿಸಿದರೆ, ಉಕ್ಕಿನ ಖರ್ಚು ಒಂದೂವರೆ ಪಟ್ಟು, ಬಾಗದೆ ನಿಲ್ಲುವ ಗಡಸು ಮೂರೂಕಾಲು ಪಟ್ಟಿಗಿಂತ ಹೆಚ್ಚು. ಇಷ್ಟು ಲಾಭದ ವ್ಯಾಪಾರ ಗ್ಯಾರೇಜಿನಲ್ಲಿ ಇನ್ನೊಂದಿಲ್ಲ. ತಟ್ಟೆಯ ಕೊಳವೆ ಕೊಂಚ ಮೇಲ್ಮುಖವಾಗಿ ಓರೆಯಾಗಿದ್ದರೆ ಬೆಸುಗೆ ತಪ್ಪಾಗಿದೆ ಎಂದು ಹಿಂದಿರುಗಿಸಬೇಡಿ. ಎಂಜಿನ್ ಭಾರಕ್ಕೆ ಬಾಗಿದಾಗ ಮಟ್ಟಕ್ಕೆ ಬರಲಿ ಎಂದೇ ಹಾಗೆ ಇಟ್ಟಿರುತ್ತಾರೆ.

ತಿರುಗಿಸುವುದಕ್ಕೂ ಇದೇ ಗಣಿತ. ತಟ್ಟೆಯ ಅಕ್ಷ ಎಂಜಿನ್ನಿನ ಗುರುತ್ವ ಕೇಂದ್ರದ ಮೂಲಕವೇ ಹಾದರೆ ಒಂದು ಕೈಯಲ್ಲಿ ಮಗುಚಬಹುದು. ಐದು ಸೆಂಟಿಮೀಟರ್ ತಪ್ಪಿದರೆ ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ 18 ಕಿಲೊ ಎತ್ತುವಷ್ಟು ಬಲ ಬೇಕು. ಹತ್ತು ಸೆಂಟಿಮೀಟರ್ ತಪ್ಪಿದರೆ 36 ಕಿಲೊ. ಅಷ್ಟಕ್ಕೇ ಮುಗಿಯಲಿಲ್ಲ. ಹೆಡ್ಡು ಬಿಚ್ಚಿದ ಕೂಡಲೇ ಗುರುತ್ವ ಕೇಂದ್ರ ಕ್ರ್ಯಾಂಕಿನ ಕಡೆಗೆ ಇಳಿಯುತ್ತದೆ, ಕ್ರ್ಯಾಂಕು ತೆಗೆದರೆ ಮತ್ತೆ ಮೇಲೇರುತ್ತದೆ. ಬೆಳಿಗ್ಗೆ ಹಗುರಾಗಿ ತಿರುಗಿದ ಎಂಜಿನ್ ಮಧ್ಯಾಹ್ನ ಲಾಕ್ ಪಿನ್ ಎಳೆದ ತಕ್ಷಣ ತಾನಾಗಿಯೇ ಗಿರ್ರನೆ ತಿರುಗಿ ಹಿಡಿಕೆಯಿಂದ ಮೊಣಕೈಗೆ ಬಾರಿಸುವುದು ಇದರಿಂದಲೇ. ವರ್ಮ್ ಗೇರ್ ಇರುವ ಸ್ಟ್ಯಾಂಡಿನಲ್ಲಿ ಈ ಭಯವಿಲ್ಲ. ವರ್ಮಿನ ಸುರುಳಿಯ ಓರೆ ತೀರಾ ಕಡಿಮೆಯಿದ್ದಾಗ ಹಿಡಿಕೆ ಎಂಜಿನನ್ನು ತಿರುಗಿಸುತ್ತದೆ, ಎಂಜಿನ್ ಹಿಡಿಕೆಯನ್ನು ತಿರುಗಿಸಲಾರದು. ಘರ್ಷಣೆಯೇ ಅಲ್ಲಿ ಬೀಗ. ಬೆಲೆ ಜಾಸ್ತಿ, ಆದರೆ ನನ್ನ ಮಟ್ಟಿಗೆ ಹಣ ಹಾಕುವುದಾದರೆ ಇಲ್ಲೇ ಹಾಕಬೇಕು.

ಚಕ್ರಗಳ ವಿಷಯ ಬೇಗ ಮುಗಿಸಬಹುದು. ಮೂರು ಚಕ್ರದ ಸ್ಟ್ಯಾಂಡಿನ ನೆಲೆ ಒಂದು ತ್ರಿಕೋನ. ಎಂಜಿನ್ನಿನ ಭಾರ ಬೀಳುವುದು ಆ ತ್ರಿಕೋನ ಕಿರಿದಾಗುವ ಮುಂಭಾಗದಲ್ಲೇ. ನಾಲ್ಕು ಚಕ್ರದ ಆಯತವೇ ಲೇಸು. ಚಕ್ರ ದೊಡ್ಡದಿರಲಿ. ಒಂದು ಸೆಂಟಿಮೀಟರ್ ಎತ್ತರದ ಅಡ್ಡಿಯನ್ನು ಹತ್ತಿಸಲು 75 ಮಿಲಿಮೀಟರ್ ವ್ಯಾಸದ ಚಕ್ರಕ್ಕೆ, ಅದು ಹೊತ್ತ ಭಾರದ ಸುಮಾರು 93 ಶೇಕಡಾದಷ್ಟು ಬಲ ಬೇಕು. 150 ಮಿಲಿಮೀಟರ್ ಚಕ್ರಕ್ಕೆ 58 ಶೇಕಡಾ ಸಾಕು. ಕಡಪಾ ಕಲ್ಲು ಹಾಸಿದ ಶೆಡ್ಡಿನಲ್ಲಿ ಸಂದು ಸಂದಿಗೂ ಸಣ್ಣ ಚಕ್ರ ಗಕ್ಕನೆ ನಿಲ್ಲುತ್ತದೆ, ಮೇಲಿರುವ ಎಂಜಿನ್ ಮುಂದಕ್ಕೆ ಹೋಗಲೆತ್ನಿಸುತ್ತದೆ. ಉರುಳುವುದು ಆಗಲೇ.

ಇಷ್ಟೆಲ್ಲ ಯಾವ ಎಂಜಿನ್ನಿಗಾದರೂ ಅನ್ವಯಿಸುವ ಮಾತು. ವಿಂಟೇಜ್ ಎಂಜಿನ್ನಿನ ಪೇಚೇ ಬೇರೆ: ಬೆರಳುಗಳನ್ನು ಎಲ್ಲಿಗೆ ಬಿಗಿಯುವುದು?

1932ರಲ್ಲಿ ಫೋರ್ಡ್ ಕಂಪನಿ ಹೊರತಂದ ವಿ8 ಎಂಜಿನನ್ನು ತೆಗೆದುಕೊಳ್ಳಿ. 3.6 ಲೀಟರ್, 65 ಅಶ್ವಶಕ್ತಿ. ಎರಡು ಸಾಲು ಸಿಲಿಂಡರುಗಳನ್ನೂ ಕ್ರ್ಯಾಂಕ್‌ಕೇಸನ್ನೂ ಒಂದೇ ಎರಕದಲ್ಲಿ ಹೊಯ್ದು, ಸಾಮಾನ್ಯರ ಕಾರಿಗೆ ಎಂಟು ಸಿಲಿಂಡರು ತಂದುಕೊಟ್ಟದ್ದು ಅದರ ಹೆಗ್ಗಳಿಕೆ. ಅದೇ ಎರಕದಲ್ಲಿ, ಫ್ಲೈವೀಲನ್ನು ಮುಚ್ಚುವ ಬೆಲ್ ಹೌಸಿಂಗಿನ ಮೇಲರ್ಧವೂ ಸೇರಿಕೊಂಡಿತ್ತು. 1948ರವರೆಗೂ ಹಾಗೆಯೇ ಬಂತು. ಹಾಗಾಗಿ ಇಂದಿನ ಸ್ಟ್ಯಾಂಡಿನ ನಾಲ್ಕು ಬೆರಳಿಗೆ ಬೇಕಾದ ಸಪಾಟು ಹಿಂಬದಿ ಆ ಎಂಜಿನ್ನಿಗೆ ಇಲ್ಲವೇ ಇಲ್ಲ.

ದಾರಿ ತೋರಿಸುವುದು ಆ ಎಂಜಿನ್ನಿನ ರಚನೆಯೇ. ಅದು ಸೈಡ್‌ವಾಲ್ವ್ ಎಂಜಿನ್. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಇವೆ. ಉರಿದ ಹೊಗೆ ಬ್ಲಾಕನ್ನೇ ಸೀಳಿಕೊಂಡು ಎರಡೂ ಪಕ್ಕೆಗಳಿಂದ ಹೊರಬೀಳುತ್ತದೆ. (ತಂಪು ನೀರಿನ ನಡುವೆ ಬಿಸಿ ಹೊಗೆಗೆ ದಾರಿ ಕೊಟ್ಟಿದ್ದರಿಂದಲೇ ಅದಕ್ಕೆ ಕುದಿಯುವ ಎಂಜಿನ್ ಎಂಬ ಕೆಟ್ಟ ಹೆಸರೂ ಬಂತು.) ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟುಗಳ ತೂತುಗಳು ಇರುವುದು ಬ್ಲಾಕಿನಲ್ಲಿ. ಹೆಡ್ಡು ಬಿಚ್ಚಿ ಲೇತ್ ಅಂಗಡಿಗೆ ಕಳಿಸಿದರೂ ಅವು ಅಲ್ಲೇ ಇರುತ್ತವೆ. ಅಲ್ಲಿಗೊಂದು ದಪ್ಪ ತಟ್ಟೆ ಬಿಗಿದು ಎಂಜಿನನ್ನು ಪಕ್ಕೆಯಿಂದ ಹಿಡಿಯುವ ಅಡಾಪ್ಟರುಗಳು ಈಗ ಸಿಗುತ್ತವೆ.

ಹೀಗೆ ಹಿಡಿದಾಗ ಮೂರು ಬದಲಾವಣೆ ಒಟ್ಟಿಗೆ ಆಗುತ್ತವೆ. ತೋಳು ಗಿಡ್ಡವಾಗುತ್ತದೆ, ಏಕೆಂದರೆ ಈಗ ಲೆಕ್ಕಕ್ಕೆ ಬರುವುದು ಎಂಜಿನ್ನಿನ ಅಗಲದ ಅರ್ಧ. ಫ್ಲೈವೀಲು, ಕ್ಲಚ್ಚು, ಹಿಂದಿನ ಆಯಿಲ್ ಸೀಲು ಎಲ್ಲವೂ ಕೈಗೆ ಸಿಗುತ್ತವೆ. ಹಿಂದಿನಿಂದ ಹಿಡಿದ ಎಂಜಿನ್ನಿನಲ್ಲಿ ಇದೇ ಜಾಗ ತಟ್ಟೆಯ ಮರೆಯಲ್ಲಿ ಸಿಕ್ಕಿಬಿದ್ದಿರುತ್ತದೆ. ಮೂರನೆಯದು ವಿಚಿತ್ರ. ತಿರುಗಿಸಿದಾಗ ಎಂಜಿನ್ ಮಗ್ಗುಲು ಬದಲಿಸುವುದಿಲ್ಲ, ಲಾಗ ಹಾಕುತ್ತದೆ. ಮೂತಿ ಕೆಳಗೆ, ಬಾಲ ಮೇಲೆ. ಕ್ರ್ಯಾಂಕನ್ನು ನೆಟ್ಟಗೆ ನಿಲ್ಲಿಸಿಕೊಂಡು ಫ್ಲೈವೀಲ್ ಕೂರಿಸಲು ಇದರಷ್ಟು ಅನುಕೂಲ ಇನ್ನೊಂದಿಲ್ಲ. ಒಳಗಿನ ಎಣ್ಣೆಯನ್ನು ಮೊದಲೇ ಬಸಿದಿರಬೇಕು, ಅಷ್ಟೆ.

ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿದ ಹಳೆಯ ವಿಲ್ಲೀಸ್ ಜೀಪಿನ 2.2 ಲೀಟರ್ ಎಂಜಿನ್ನೂ ಸೈಡ್‌ವಾಲ್ವ್ ಜಾತಿಯದೇ. ಅಂಬಾಸಡರಿನ 1489 ಸಿಸಿ ಎಂಜಿನ್ನಿಗೆ ಮಾತ್ರ ಈ ಉಪಾಯ ನಡೆಯದು. ಅದರ ವಾಲ್ವುಗಳು ಹೆಡ್ಡಿನಲ್ಲಿ, ಮ್ಯಾನಿಫೋಲ್ಡೂ ಹೆಡ್ಡಿಗೇ. ಹೆಡ್ಡು ಬಿಚ್ಚಿದರೆ ಹಿಡಿತವೇ ಹೋಯಿತು. ಅದನ್ನು ಹಿಂದಿನಿಂದಲೇ ಹಿಡಿಯಬೇಕು. ಹಿಂಬದಿಯ ತಗಡಿನ ಮೇಲೆ ಭಾರ ಬಿಡದೆ, ಬ್ಲಾಕಿನ ತೂತುಗಳಿಗೇ ಬೋಲ್ಟ್ ಇಳಿಸಬೇಕು.

ಸ್ಟ್ಯಾಂಡೇ ಬೇಡದ ಎಂಜಿನ್ನುಗಳೂ ಇವೆ. ಆಸ್ಟಿನ್ ಸೆವೆನ್‌ನ 747 ಸಿಸಿ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಮೇಲೆ ಪುಟ್ಟ ಕಬ್ಬಿಣದ ಬ್ಲಾಕು ಬೇರೆಯಾಗಿ ಕೂತಿರುತ್ತದೆ. ಬಿಚ್ಚಿ ಬೆಂಚಿನ ಮೇಲಿಟ್ಟು ಮರದ ಚೌಕಟ್ಟಿನಲ್ಲಿ ಕೆಲಸ ಮುಗಿಸಬಹುದು. ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್ ಇನ್ನೊಂದು ತುದಿ. ಏಳು ಲೀಟರಿನ ಆರು ಸಿಲಿಂಡರು, ಮೂರು ಮೂರರ ಎರಡು ಬ್ಲಾಕು, ಕೆಳಗೆ ಉದ್ದನೆಯ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸು. ಅಂಥದ್ದನ್ನು ಒಂದೇ ತುದಿಯಿಂದ ನೇತುಹಾಕುವುದು ಧೈರ್ಯವಲ್ಲ, ಅವಿವೇಕ. ಎರಡೂ ತುದಿಗೆ ಆಧಾರ ಕೊಡುವ ಜೋಡಿ ಕಂಬದ ಸ್ಟ್ಯಾಂಡಿನಲ್ಲಿ ಬೋಲ್ಟುಗಳು ತೂಕವನ್ನು ಹಂಚಿಕೊಂಡು ಹೊತ್ತರೆ ಸಾಕು, ಬಾಗಿಸುವ ಬಲವನ್ನು ತಡೆಯುವ ಕೆಲಸ ಅವುಗಳಿಗಿಲ್ಲ.

ಇನ್ನು ಬೋಲ್ಟು. ಮೇಲಿನ ಹಾಗೂ ಕೆಳಗಿನ ಸಾಲುಗಳ ನಡುವೆ 25 ಸೆಂಟಿಮೀಟರ್ ಅಂತರವಿದ್ದರೆ, ನಮ್ಮ 180 ಕಿಲೊ ಎಂಜಿನ್ ಮೇಲಿನ ಎರಡು ಬೋಲ್ಟುಗಳನ್ನು ಒಟ್ಟು 250 ಕಿಲೊ ತೂಕದಷ್ಟು ಬಲದಿಂದ ಕೀಳುತ್ತಿರುತ್ತದೆ. ತಲೆಯ ಮೇಲೆ 8.8 ಎಂದಿರುವ 10 ಮಿಲಿಮೀಟರ್ ಹೈಟೆನ್ಸಿಲ್ ಬೋಲ್ಟ್ ಒಂದೇ ಮೂರು ಟನ್ನಿಗೂ ಮಿಕ್ಕಿ ತಡೆಯುತ್ತದೆ, ಅದರ ಚಿಂತೆ ಬೇಡ. ಚಿಂತೆ ಇರುವುದು ಅದು ಕಚ್ಚಿಕೊಂಡ ತೂತಿನದು. ಹಳೆಯ ಎರಕದ ಕಬ್ಬಿಣದೊಳಗೆ ಗ್ರ್ಯಾಫೈಟ್ ಸಣ್ಣ ಸಣ್ಣ ಹಾಳೆಗಳಂತೆ ಹರಡಿರುತ್ತದೆ. ಒತ್ತಿದರೆ ತಡೆಯುವ ಆ ಲೋಹ, ಎಳೆದರೆ ಅದರ ಮೂರು ನಾಲ್ಕರಲ್ಲೊಂದು ಪಾಲು ಬಲಕ್ಕೇ ಬಿರಿಯುತ್ತದೆ. ಬೋಲ್ಟು ಕಬ್ಬಿಣದೊಳಗೆ ತನ್ನ ವ್ಯಾಸದ ಒಂದೂವರೆ ಪಟ್ಟಾದರೂ ಇಳಿಯಬೇಕು, ಅಲ್ಯೂಮಿನಿಯಮ್ಮಿನಲ್ಲಾದರೆ ಎರಡು ಪಟ್ಟು.

ಥ್ರೆಡ್ಡಿನ ಅಳತೆಯನ್ನಂತೂ ಊಹಿಸಲೇಬಾರದು. ಎಂಜಿ ಟಿಸಿ ಕಾರಿನ 1250 ಸಿಸಿ ಎಂಜಿನ್ ಇದಕ್ಕೆ ಸೊಗಸಾದ ಉದಾಹರಣೆ. ಮಾರಿಸ್ ಕಂಪನಿ 1923ರಲ್ಲಿ ಕೊಂಡ ಕೊವೆಂಟ್ರಿಯ ಎಂಜಿನ್ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಸಂಸ್ಥೆಯದು, ಯಂತ್ರಗಳೆಲ್ಲ ಮೆಟ್ರಿಕ್. ಆ ಕಾರ್ಖಾನೆಯ ಪದ್ಧತಿ ಎಂಜಿ ಎಂಜಿನ್ನಿಗೂ ಇಳಿದು ಬಂತು. ಬೋಲ್ಟಿನ ತಲೆಗೆ ಬ್ರಿಟಿಷ್ ವಿಟ್‌ವರ್ತ್ ಪಾನಾ, ಮೈಗೆ ಫ್ರೆಂಚ್ ಮೆಟ್ರಿಕ್ ಥ್ರೆಡ್ಡು. ಅದೂ 8 ಮಿಲಿಮೀಟರಿಗೆ 1 ಮಿಲಿಮೀಟರ್ ಅಂತರದ್ದು. ಹಾರ್ಡ್‌ವೇರ್ ಅಂಗಡಿಯ ಇಂದಿನ 8 ಮಿಲಿಮೀಟರ್ ಬೋಲ್ಟಿನ ಅಂತರ 1.25. ಅದು ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ. ಕೂತಿತು ಎಂದುಕೊಂಡು ಪಾನಾ ಹಾಕಿ ಒತ್ತಿದರೆ ಥ್ರೆಡ್ಡು ಕಿತ್ತು ಬರುತ್ತದೆ.

ಎಲ್ಲ ಬಿಗಿದ ಮೇಲೆ, ಎಂಜಿನನ್ನು ಎತ್ತಿ ಹಿಡಿದಿರುವ ಚೈನ್ ಪುಲ್ಲಿಯನ್ನು ಒಮ್ಮೆಗೇ ಕಳಚಬಾರದು. ಸರಪಳಿ ಸ್ವಲ್ಪ ಸಡಿಲವಾಗುವಷ್ಟು ಇಳಿಸಿ, ಎಂಜಿನ್ನಿನ ಮೂತಿಯಿಂದ ನೆಲಕ್ಕೆ ಟೇಪು ಹಿಡಿದು ಅಳತೆ ಬರೆದಿಟ್ಟುಕೊಳ್ಳಬೇಕು. ಊಟ ಮುಗಿಸಿ ಬಂದು ಮತ್ತೆ ಅಳೆಯಬೇಕು. ಅಳತೆ ಅಷ್ಟೇ ಇದ್ದರೆ ಸರಪಳಿ ಬಿಚ್ಚಬಹುದು. ಮೂರು ಮಿಲಿಮೀಟರ್ ಇಳಿದಿದ್ದರೆ ಎಲ್ಲೋ ಒಂದು ಕಡೆ ಬೆಸುಗೆಯೋ ಬೋಲ್ಟೋ ಜರುಗಿದೆ. ಎಂಜಿನನ್ನು ಮತ್ತೆ ಎತ್ತಿ ಟೈರಿನ ಮೇಲೆ ಕೂರಿಸಿ, ಸ್ಟ್ಯಾಂಡನ್ನು ವೆಲ್ಡರ್ ಹತ್ತಿರ ಒಯ್ಯುವುದು.